ನಮ್ಮ ದೊಡ್ಡಪ್ಪನ ಕಸುಬಿಗೂ ಒಂದು ಕಾಲಂ ಇರಲಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ ಮತ್ತು ಇಲಾಖೆಯ ಎಲ್ಲ ಅಧಿಕಾರಿಗಳಿಗೆ ನಮಸ್ಕಾರ.

ಕಳೆದ ವರ್ಷ ಆಷಾಢದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮಧುಗಿರಿ ತಾಲೂಕಿನ ಒಂದು ಸಣ್ಣ ಹಳ್ಳಿಯವರು. ವಯಸ್ಸು ಎಪ್ಪತ್ತೈದು ದಾಟಿತ್ತು. ಸರ್ಕಾರದ ಲೆಕ್ಕದಲ್ಲಿ ಅವರು ಒಬ್ಬ ಸಣ್ಣ ರೈತ. ಪಹಣಿಯಲ್ಲಿ ಮೂರು ಎಕರೆ ಹತ್ತು ಗುಂಟೆ ಖುಷ್ಕಿ ಜಮೀನು, ಬೆಳೆ ಕಾಲಂನಲ್ಲಿ ರಾಗಿ, ಕಡ್ಲೆಕಾಯಿ. ಅಲ್ಲಿಗೆ ಮುಗಿಯಿತು. ಆದರೆ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಅವರು ಮೋಟ್ರಣ್ಣ. ಯಾರ ಬಾವಿಯ ಮೇಲೆ ಇಂಜಿನ್ ನಿಂತರೂ, ಯಾರ ಬೋರ್‌ವೆಲ್‌ನಲ್ಲಿ ಮೋಟಾರ್ ಸುಟ್ಟರೂ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಅದು.

ಅವರಿಗೆ ಪ್ರಶಸ್ತಿ ಕೊಡಿ ಅಂತ ಕೇಳಲು ನಾನು ಬರೆಯುತ್ತಿಲ್ಲ. ಅವರು ಹೋದ ಮೇಲೆ ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನಮ್ಮ ರಾಜ್ಯದ ಹಳ್ಳಿ ಹಳ್ಳಿಯಲ್ಲೂ ಅವರಂಥವರು ಇದ್ದಾರೆ. ಅರ್ಧ ದಿನ ಹೊಲ, ಅರ್ಧ ದಿನ ಪಾನಾ ಹಿಡಿದು ಬದುಕುವವರು. ಅವರ ಕೈ ಇಲ್ಲದಿದ್ದರೆ ಮುಂಗಾರಿನಲ್ಲಿ ಟ್ರಾಕ್ಟರ್ ಓಡುವುದಿಲ್ಲ, ಬೇಸಿಗೆಯಲ್ಲಿ ತೋಟ ಉಳಿಯುವುದಿಲ್ಲ. ಆದರೂ ಇಲಾಖೆಯ ಯಾವ ಪಟ್ಟಿಯಲ್ಲೂ ಅವರಿಗೆ ಜಾಗ ಇಲ್ಲ. ಆ ಜಾಗ ಕೇಳಲು ಈ ಪತ್ರ. ಅದಕ್ಕೆ ಮೊದಲು ದೊಡ್ಡಪ್ಪ ಏನು ಮಾಡುತ್ತಿದ್ದರು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಕಡೆ ನೀರಿನ ಕಥೆ ತಲಪರಿಗೆಯಿಂದ ಶುರುವಾಗುತ್ತದೆ. ಮಧುಗಿರಿ, ಪಾವಗಡ, ಕೊರಟಗೆರೆ, ಸಿರಾ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಳೆಯ ಮರಳಿನಲ್ಲಿ, ಕೆರೆಯಂಗಳದಲ್ಲಿ ತೋಡಿ, ಒರತೆ ನೀರಿಗೆ ಕಾಲುವೆ ಮಾಡಿ ಗದ್ದೆಗೆ ಹರಿಸುವ ಪದ್ಧತಿ. ಇಂಜಿನ್ ಇಲ್ಲ, ಎಣ್ಣೆ ಇಲ್ಲ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆದರೆ ಆಯಿತು. ತಲಪರಿಗೆ ಇಲ್ಲದ ಕಡೆ ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ನೀರಿನ ಬಾನಿ ಮೇಲೆ ಬರುತ್ತಿತ್ತು. ದೊಡ್ಡಪ್ಪ ಹುಡುಗನಾಗಿದ್ದಾಗ ಕಪಿಲೆ ಹೊಡೆದವರು. ಏಳನೇ ಕ್ಲಾಸಿಗೆ ಓದು ನಿಂತಿತು. ಅಷ್ಟರಲ್ಲಿ ಊರಿಗೆ ಆಯಿಲ್ ಇಂಜಿನ್ ಬಂತು.

ಆ ಇಂಜಿನ್ ಬಂದದ್ದೇ ಅವರ ಬದುಕನ್ನು ಬೇರೆ ದಾರಿಗೆ ತಿರುಗಿಸಿತು. ಊರಿನ ಮೊದಲ ಇಂಜಿನ್ ಒಂದು ಬೇಸಿಗೆಯಲ್ಲಿ ನಿಂತುಬಿಟ್ಟಾಗ ರಿಪೇರಿಯವರು ತುಮಕೂರಿನಿಂದ ಬರಬೇಕಿತ್ತು. ಬರುವಷ್ಟರಲ್ಲಿ ಈರುಳ್ಳಿ ಒಣಗಿಹೋಯಿತು. ಅದನ್ನು ನೋಡಿದ ತಾತ ಮಗನನ್ನು ಪೇಟೆಯ ಇಂಜಿನ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಬಿಟ್ಟರು. ಮೊದಲು ಊಟಕ್ಕೆ ಮಾತ್ರ ದುಡಿದರು. ಡೀಸೆಲ್‌ನಲ್ಲಿ ಪಾರ್ಟು ತೊಳೆಯುವುದು, ನಟ್ಟು ಬೋಲ್ಟು ಬೇರೆ ಬೇರೆ ಮಾಡಿ ಇಡುವುದು, ಅಷ್ಟೇ ಕೆಲಸ. ಕೈಗೆ ಪಾನಾ ಸಿಕ್ಕಿದ್ದು ಆಮೇಲೆ.

ವಾಪಸು ಬಂದಾಗ ಅವರಿಗೆ ಇಂಜಿನ್ನಿನ ಹೊಗೆ ನೋಡಿ ರೋಗ ಹೇಳುವಷ್ಟು ಗೊತ್ತಿತ್ತು. ನಮಗೂ ಹೇಳಿಕೊಡುತ್ತಿದ್ದರು. 'ಕಪ್ಪು ಹೊಗೆ ಬಂದ್ರೆ ನಾಝಲ್ ಕೆಟ್ಟಿದೆ, ಇಲ್ಲಾ ಲೋಡ್ ಜಾಸ್ತಿ ಆಗಿದೆ. ನೀಲಿ ಹೊಗೆ ಬಂದ್ರೆ ರಿಂಗ್ ಸವೆದು ಆಯಿಲ್ ಉರೀತಾ ಇದೆ. ಬಿಳಿ ಹೊಗೆ ಬಂದು ನಿಲ್ಲದೇ ಇದ್ರೆ ಡೀಸೆಲ್ ಸರಿಯಾಗಿ ಉರೀತಾ ಇಲ್ಲ, ಇಲ್ಲಾ ಒಳಗೆ ನೀರು ಸೇರಿದೆ.' ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬೇರಿಂಗಿನ ಸದ್ದು ಕೇಳುತ್ತಿದ್ದರು. ಕೇಳುವಾಗ ಪಕ್ಕದಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಒಂದು ಸಲ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿ ಎಡಗೈಯ ತೋರುಬೆರಳಿನ ತುದಿ ಹೋಯಿತು. ಬಟ್ಟೆ ಸುತ್ತಿಕೊಂಡು ಸೈಕಲ್ಲಿನಲ್ಲೇ ಆಸ್ಪತ್ರೆಗೆ ಹೋದರಂತೆ. ಪರಿಹಾರ ಕೇಳೋಣ ಅಂದರೆ ಕೊಡುವವರು ಯಾರು? ಅವರಿಗೆ ಮಾಲೀಕರೂ ಇಲ್ಲ, ಸಂಘವೂ ಇಲ್ಲ.

ಆಮೇಲೆ ಕರೆಂಟು ಬಂತು, ಬೋರ್‌ವೆಲ್ ಬಂತು. ಇಂಜಿನ್ ಮೆಕ್ಯಾನಿಕ್ ಆಗಿದ್ದವರು ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು ಕಲಿಯಬೇಕಾಯಿತು. ಈ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದರ ಕಷ್ಟ ತಿಳಿಯುವುದಿಲ್ಲ. ಸಬ್‌ಮರ್ಸಿಬಲ್, ಅಂದರೆ ಬೋರಿನ ನೀರಿನೊಳಗೆ ಇಳಿಬಿಡುವ ಮೋಟಾರಿನ ಒಳಗೇ ನೀರು ತುಂಬಿರುತ್ತದೆ. ಅದಕ್ಕೇ ಪ್ಲಾಸ್ಟಿಕ್ ಕೋಟಿನ ತಾಮ್ರದ ತಂತಿ ಬೇಕು. ಅದನ್ನು ಸ್ಟೇಟರಿನ (ಮೋಟಾರಿನ ತಿರುಗದ ಭಾಗ) ಮುಚ್ಚಿದ ತೂತುಗಳಲ್ಲಿ ಒಂದೊಂದೇ ಎಳೆ ತೂರಿಸಿ ಎಳೆಯಬೇಕು. ತಂತಿಯ ಕೋಟಿಗೆ ಎಲ್ಲಾದರೂ ಉಗುರಿನಷ್ಟು ಗೀರು ಬಿದ್ದರೂ ಮುಗಿಯಿತು, ಬಾವಿಗೆ ಬಿಟ್ಟ ದಿನವೇ ಮೋಟಾರ್ ಹೋಗುತ್ತದೆ. ಜಗಲಿಯ ಮೇಲೆ ದೊಡ್ಡಪ್ಪ ಈ ಕಡೆ ಕೂತು ತಂತಿ ತೂರಿಸಿದರೆ, ದೊಡ್ಡಮ್ಮ ಆ ಕಡೆ ಕೂತು ಎಳೆಯುತ್ತಿದ್ದರು. ಸುತ್ತು ಎಣಿಸುತ್ತಿದ್ದವರೂ ದೊಡ್ಡಮ್ಮನೇ. ಮಧ್ಯೆ ಯಾರಾದರೂ ಮಾತಾಡಿಸಿದರೆ ಕೈ ಮಾತ್ರ ಎತ್ತಿ ತಡೆಯುತ್ತಿದ್ದರು, ಬಾಯಲ್ಲಿ ಲೆಕ್ಕ ನಡೆಯುತ್ತಲೇ ಇರುತ್ತಿತ್ತು. ಊರವರ ಬಾಯಲ್ಲಿ ಇದು ಮೋಟ್ರಣ್ಣನ ಕೆಲಸ. ನಿಜವಾಗಿ ನೋಡಿದರೆ ಅದು ಇಬ್ಬರ ಕೆಲಸ. ದೊಡ್ಡಪ್ಪನಿಗೆ ಪಹಣಿಯಲ್ಲಾದರೂ ಒಂದು ಸಾಲಿದೆ. ದೊಡ್ಡಮ್ಮನಿಗೆ ಅದೂ ಇಲ್ಲ.

ಮೋಟಾರ್ ಎತ್ತುವ ದಿನ ಬೇರೆಯೇ ಶಿಸ್ತು. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸುವ ಮೊದಲು ದೊಡ್ಡಪ್ಪ ಪೆಟ್ಟಿಗೆಯಿಂದ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿದು, ಎಲ್ಲರೂ ದೂರ ನಿಂತ ಮೇಲೆ ಅವರೇ ಹೋಗಿ ಹಾಕಬೇಕು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಎಷ್ಟೋ ಕಡೆ ಯಾರೋ ತಿಳಿಯದೆ ಸ್ವಿಚ್ ಒತ್ತಿ ಜೀವ ಹೋಗಿದೆ. ಅವರ ಕೈಕೆಳಗೆ ಕೆಲಸ ಕಲಿತ ಹುಡುಗರೆಲ್ಲ ಇವತ್ತಿಗೂ ಫ್ಯೂಸನ್ನು ಜೇಬಿಗೇ ಹಾಕಿಕೊಳ್ಳುತ್ತಾರೆ.

ಮೋಟಾರ್ ಯಾಕೆ ಇಷ್ಟೊಂದು ಸುಡುತ್ತದೆ ಅಂತ ನಿಮಗೂ ಗೊತ್ತಿರಬಹುದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ಕರೆಂಟ್ ಕೊಡುತ್ತಿದೆ. ಅದು ರೈತರಿಗೆ ದೊಡ್ಡ ಆಸರೆ, ಎರಡು ಮಾತಿಲ್ಲ. ಆದರೆ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಬಂದ ತಕ್ಷಣ ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೇ ಎಳೆಯುತ್ತವೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಬಿದ್ದು ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಮಧ್ಯೆ ಒಂದು ಫೇಸ್ ಹೋದರಂತೂ ಉಳಿದೆರಡರ ಮೇಲೆ ಭಾರ ಬಿದ್ದು ಕಾಯಿಲ್ ಕರಿದುಹೋಗುತ್ತದೆ. ಮಾರ್ಚ್, ಏಪ್ರಿಲ್ ಬಂತೆಂದರೆ ನಮ್ಮ ಮನೆಯ ಮುಂದೆ ಸುಟ್ಟ ಮೋಟಾರ್‌ಗಳ ಸಾಲೇ ಇರುತ್ತಿತ್ತು. ಕರೆಂಟಿಗೆ ದುಡ್ಡಿಲ್ಲ, ಸರಿ. ಸುಟ್ಟ ಮೋಟಾರಿನ ಖರ್ಚು ಮಾತ್ರ ರೈತನದೇ. ಆ ಖರ್ಚಿನಲ್ಲಿ ಎಷ್ಟೋ ಪಾಲನ್ನು ದೊಡ್ಡಪ್ಪನಂಥವರು ಸಾಲ ಅಂತ ಬರೆದುಕೊಂಡು ತಾವೇ ಹೊತ್ತಿದ್ದಾರೆ. ತಂತಿಯ ದುಡ್ಡು ಮಾತ್ರ ಮೊದಲು ಕೇಳುತ್ತಿದ್ದರು. ಕೂಲಿ ಸುಗ್ಗಿಗೆ. ಸುಗ್ಗಿ ಕೈಕೊಟ್ಟರೆ ಮುಂದಿನ ಸುಗ್ಗಿಗೆ. ಕೆಲವರು ಒಂದು ಮೂಟೆ ಕಡ್ಲೆಕಾಯಿ ತಂದು ಇಳಿಸುತ್ತಿದ್ದರು, ಕೆಲವರು ರಾಗಿ. ಅವರ ಸ್ವಂತ ಹೊಲದ ಕಳೆ ಮಾತ್ರ ಯಾವಾಗಲೂ ಊರವರ ಹೊಲದ ಕಳೆಗಿಂತ ಒಂದು ವಾರ ತಡವಾಗಿ ಕೀಳುವುದು.

ಈಗ ಅವರ ನೋಟ್‌ಬುಕ್ಕುಗಳ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ದೊಡ್ಡಪ್ಪ ಪ್ರತಿ ಕೆಲಸವನ್ನೂ ಬರೆದಿಡುತ್ತಿದ್ದರು. ಹೊಲದ ಹೆಸರು, ಎಷ್ಟು ಎಚ್‌ಪಿ, ಎಷ್ಟು ಸುತ್ತು, ತಂತಿಯ ಗೇಜು, ಎಷ್ಟು ಪೈಪು ಇಳಿಸಿದ್ದು, ತಾರೀಖು. ಮುಂದಿನ ಸಲ ಅದೇ ಮೋಟಾರ್ ಬಂದರೆ ಮತ್ತೆ ಎಣಿಸುವುದು ತಪ್ಪಲಿ ಅಂತ ಶುರು ಮಾಡಿದ ಲೆಕ್ಕ ಅದು. ಅವರು ಹೋದ ಮೇಲೆ ಅವನ್ನು ಒಂದೊಂದಾಗಿ ಓದುತ್ತಾ ಕೂತೆ. ಒಂದು ಹುಣಸೆಮರದ ಹೊಲ ಇದೆ. 1986ರಲ್ಲಿ ಅಲ್ಲಿ ತೆರೆದ ಬಾವಿ, ದಡದ ಮೇಲೆ 5 ಎಚ್‌ಪಿ ಮೋಟಾರ್. 1994ರಲ್ಲಿ ಅದೇ ಹೊಲದಲ್ಲಿ ಬೋರ್‌ವೆಲ್, ಒಂಬತ್ತು ಪೈಪು. ಒಂದು ಪೈಪಿಗೆ 20 ಅಡಿ, ಅಂದರೆ 180 ಅಡಿ. 2005ರಲ್ಲಿ ಹೊಸ ಬೋರು, 22 ಪೈಪು. 2016ರಲ್ಲಿ ಇನ್ನೊಂದು, 41 ಪೈಪು, 820 ಅಡಿ. ಅದರ ಮುಂದೆ 2019ರ ಒಂದು ಸಾಲಿದೆ: 'ಮೋಟರು ಎತ್ತಿ ಇಟ್ಟಿದೆ.' ಅಂದರೆ ನೀರು ಹೋಯಿತು.

ಹೀಗೆ ಹೊಲ ಹೊಲದ ಲೆಕ್ಕ ಅಲ್ಲಿದೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ನೀರು ಹೇಗೆ ಕೆಳಗೆ ಇಳಿಯಿತು ಅನ್ನುವುದಕ್ಕೆ ಇದಕ್ಕಿಂತ ನೇರವಾದ ದಾಖಲೆ ನಾನು ನೋಡಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅಟಲ್ ಭೂಜಲ ಯೋಜನೆ ಶುರು ಮಾಡಿದಾಗ ಆರಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಊರವರೇ ತಮ್ಮ ಅಂತರ್ಜಲದ ಲೆಕ್ಕ ಇಡಬೇಕು, ಆ ಲೆಕ್ಕ ನೋಡಿ ಬೆಳೆ ಆರಿಸಬೇಕು ಅನ್ನುವುದು ಅದರ ಆಶಯ. ಒಳ್ಳೆಯ ಆಶಯ. ಆ ಲೆಕ್ಕವನ್ನು ಎಷ್ಟೋ ಹಳ್ಳಿಗಳಲ್ಲಿ ಆಗಲೇ ಒಬ್ಬರು ಇಟ್ಟಿದ್ದಾರೆ. ಗ್ರೀಸ್ ಮೆತ್ತಿದ ಪುಸ್ತಕದಲ್ಲಿ, ಯಾರೂ ಹೇಳದೆ, ತಮ್ಮ ಕೆಲಸಕ್ಕೆ ಬೇಕು ಅಂತ. ಅವರನ್ನು ಹೋಗಿ ಕೇಳಬೇಕಷ್ಟೇ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಅಂತ ಇರುತ್ತಿದ್ದರು. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರಗಂಟಿ ಹೀಗೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯ ತೆಗೆದುಕೊಂಡು ಹೋಗುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಬಿಗಿ ಇತ್ತು, ಅನ್ಯಾಯವೂ ಇತ್ತು. ಅದು ಮತ್ತೆ ಬರಲಿ ಅಂತ ಯಾರೂ ಬಯಸಬಾರದು. ಆದರೆ ತನ್ನ ಬೇಸಾಯ ಯಾರ ಕೈಯಿಂದ ನಡೆಯುತ್ತಿದೆ ಅನ್ನುವುದು ಊರಿಗೆ ಗೊತ್ತಿತ್ತು. ಕುಳ ತಟ್ಟಿಕೊಡುವ ಕಮ್ಮಾರನಿಗೆ ಕಣದಲ್ಲಿ ಪಾಲಿತ್ತು. ನೀರು ಹಂಚುವ ನೀರಗಂಟಿಗೆ ಪಾಲಿತ್ತು. ನೇಗಿಲು ಹೋಗಿ ಟ್ರಾಕ್ಟರ್ ಬಂತು, ತೂಬು ಹೋಗಿ ಸಬ್‌ಮರ್ಸಿಬಲ್ ಬಂತು. ಆ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುವ ಮೆಕ್ಯಾನಿಕ್ ಬಂದರು. ಅವರಿಗೆ ಪಾಲು ಎಲ್ಲಿ?

2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಹದಿನೆಂಟು ಕಸುಬುಗಳು ಅದರಲ್ಲಿವೆ. ತರಬೇತಿ, 15,000 ರೂಪಾಯಿಯ ಸಲಕರಣೆ, ಕಡಿಮೆ ಬಡ್ಡಿಗೆ 3 ಲಕ್ಷದವರೆಗೆ ಸಾಲ. ಬಡಗಿ, ಕಮ್ಮಾರ, ಬೀಗ ಮಾಡುವವರು, ದೋಣಿ ಮಾಡುವವರು ಎಲ್ಲ ಇದ್ದಾರೆ. ಅವರಿಗೆ ಸಿಕ್ಕಿದ್ದು ನ್ಯಾಯವೇ. ಪಂಪ್‌ಸೆಟ್ ಮೆಕ್ಯಾನಿಕ್ ಅದರಲ್ಲಿಲ್ಲ. ಕೈ ಕಸುಬು ಹಳೆಯದಾಗಿದ್ದರೆ ಪಟ್ಟಿಗೆ ಸೇರುತ್ತದೆ. ದೊಡ್ಡಪ್ಪನ ಕಸುಬಿಗೆ ಅಷ್ಟು ವಯಸ್ಸಾಗಿಲ್ಲ. ಅದು ಕೇಂದ್ರದ ಯೋಜನೆ, ನಿಮ್ಮ ಕೈಯಲ್ಲಿಲ್ಲ ಅನ್ನುವುದು ಗೊತ್ತು. ರಾಜ್ಯದ ಕೈಯಲ್ಲಿ ಇರುವುದನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ.

ಹೊಸದನ್ನು ಮಾಡುವವರನ್ನು ನಾವು ಗುರುತಿಸುತ್ತೇವೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹೆಸರು ಇವತ್ತಿಗೂ ಪಂಪುಗಳ ಮೇಲಿದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರೆ ಮಾಡುವ ಯಂತ್ರ, ಬಿತ್ತನೆ ಕೂರಿಗೆ ಇಂಥವನ್ನೆಲ್ಲ ತಾವೇ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ದೊಡ್ಡಪ್ಪ ಪೇಪರಿನ ಆ ತುಂಡನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದರು. ತಮ್ಮ ಮನೆಯವರಿಗೇ ಬಂತೇನೋ ಅನ್ನುವಷ್ಟು ಸಂತೋಷ. ಹೊಸ ಯಂತ್ರ ಮಾಡಿದವರಿಗೆ ಈ ಗೌರವ ಸಲ್ಲಲೇಬೇಕು. ಆದರೆ ಮಾಡಿದ ಯಂತ್ರ ಹತ್ತಿಪ್ಪತ್ತು ವರ್ಷ ಓಡುವುದು ರಿಪೇರಿ ಮಾಡುವವರಿಂದ. ಅವರ ಬಗ್ಗೆ ನಾವು ಇನ್ನೂ ಯೋಚನೆ ಮಾಡಿಲ್ಲ.

ಯೋಚನೆ ಮಾಡದಿದ್ದರೆ ಏನಾಗುತ್ತದೆ ಅಂತ ನಮ್ಮೂರಿಗೆ ಬಂದರೆ ಕಾಣುತ್ತದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನದಲ್ಲಿ ಯಂತ್ರ ಕೊಡುತ್ತೀರಿ. ಬಹಳ ಜನರಿಗೆ ಅದರಿಂದ ಅನುಕೂಲವಾಗಿದೆ. ನಮ್ಮ ಪಕ್ಕದ ಹೊಲದವರೂ ಹಾಗೆಯೇ ಒಂದು ಪವರ್ ಟಿಲ್ಲರ್ ತಂದರು. ಮೂರನೇ ವರ್ಷ ಒಂದು ಸಣ್ಣ ಗೇರ್ ಮುರಿಯಿತು. ಅದರ ಪಾರ್ಟು ತಾಲೂಕಿನಲ್ಲೂ ಇಲ್ಲ, ಜಿಲ್ಲೆಯಲ್ಲೂ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಆ ಮಾಡೆಲ್ ನಿಂತುಹೋಗಿದೆ ಅಂದರು. ದೊಡ್ಡಪ್ಪ ಮುರಿದ ಹಲ್ಲಿಗೆ ಗ್ಯಾಸ್ ವೆಲ್ಡಿಂಗ್‌ನಲ್ಲಿ ಲೋಹ ತುಂಬಿಸಿ, ಅರದಿಂದ ಉಜ್ಜಿ ಉಜ್ಜಿ ಹಲ್ಲಿನ ಆಕಾರ ತಂದರು. ಎರಡು ಮುಂಗಾರು ಓಡಿತು. ಅವರಿಲ್ಲದ ಮೇಲೆ ಅದು ಮತ್ತೆ ಮುರಿಯಿತು. ಈಗ ಹಸುವಿನ ಕೊಟ್ಟಿಗೆಯಲ್ಲಿ ನಿಂತಿದೆ. ಆ ಟಿಲ್ಲರಿಗೆ ಕೊಟ್ಟ ಸಹಾಯಧನ ಸರ್ಕಾರದ್ದು, ಅಂದರೆ ಎಲ್ಲರದ್ದು.

ಇನ್ನು ಮುಂದೆ ಇದು ಜಾಸ್ತಿಯಾಗುತ್ತದೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಕುಸುಮ್ ಯೋಜನೆಯಲ್ಲಿ ಹೊಲಗಳಿಗೂ ಸೋಲಾರ್ ಪಂಪ್ ಬರುತ್ತಿದೆ. ನಡುರಾತ್ರಿ ಎದ್ದು ಹೋಗುವುದು ತಪ್ಪುತ್ತದೆ, ನಾವೂ ಕಾಯುತ್ತಿದ್ದೇವೆ. ಆದರೆ ಅದರ ಕಂಟ್ರೋಲರ್ ಕೆಟ್ಟರೆ ಬಿಚ್ಚಿ ನೋಡುವವರು ಊರಲ್ಲಿ ಯಾರಿದ್ದಾರೆ? ದೊಡ್ಡಪ್ಪ ಇಂಜಿನ್ನಿನಿಂದ ಮೋಟಾರಿಗೆ ತಾವಾಗಿಯೇ ಕಲಿತು ಬಂದರು. ಈ ಸಲದ ಹೆಜ್ಜೆಯನ್ನು ಹುಡುಗರು ಯಾರ ಸಹಾಯವೂ ಇಲ್ಲದೆ ಇಡಲಿ ಅನ್ನುವುದು ಸರಿಯಲ್ಲ.

ಹಾಗಾಗಿ ಕೇಳುತ್ತೇನೆ. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ಭಾಗದ ಪಂಪ್‌ಸೆಟ್, ಟ್ರಾಕ್ಟರ್, ಟಿಲ್ಲರ್ ಮೆಕ್ಯಾನಿಕ್‌ಗಳ ಪಟ್ಟಿ ಮಾಡಿಸಿ. ಜೊತೆಗೆ ಕೂತು ಕೆಲಸ ಮಾಡುವ ಹೆಂಗಸರ ಹೆಸರನ್ನೂ ಬರೆಸಿ. ಅನುಭವ ನೋಡಿ ಅವರಿಗೆ ಸರ್ಟಿಫಿಕೇಟ್ ಕೊಡಿ. ಪರೀಕ್ಷೆ ಬೇಕೇ ಬೇಕು ಅಂದರೆ ಒಂದು ಸುಟ್ಟ ಮೋಟಾರ್ ಮುಂದಿಡಿ, ಪ್ರಶ್ನೆಪತ್ರಿಕೆ ಬೇಡ. ಆ ಸರ್ಟಿಫಿಕೇಟ್ ಇದ್ದರೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆ, ಅಪಘಾತ ವಿಮೆ ಮಾಡಿಸಬಹುದು. ಕೆಲಸ ಕಲಿಯಲು ಬರುವ ಹುಡುಗರಿಗೆ ತಿಂಗಳಿಗೆ ಸ್ವಲ್ಪ ದುಡ್ಡು ಕೊಟ್ಟು ಇಂಥವರ ಹತ್ತಿರ ಬಿಡಿ. ದೊಡ್ಡಪ್ಪನ ಹತ್ತಿರ ಬಂದ ಎಷ್ಟೋ ಹುಡುಗರು ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋದರು. ಕಲಿಯುವ ಆಸೆ ಇರಲಿಲ್ಲ ಅಂತಲ್ಲ. ಮನೆಗೆ ದುಡ್ಡು ಬೇಕಿತ್ತು.

ಸಹಾಯಧನದ ಯಂತ್ರ ಮಾರುವ ಕಂಪನಿಗಳಿಗೆ ಒಂದು ಷರತ್ತು ಹಾಕಿ. ಮಾರಿದ ಮೇಲೆ ಹತ್ತು ವರ್ಷ ಅದರ ಪಾರ್ಟು ತಾಲೂಕು ಕೇಂದ್ರದಲ್ಲಿ ಸಿಗಬೇಕು. ಬಿಚ್ಚಿ ಜೋಡಿಸುವ ವಿವರ, ಚಿತ್ರದ ಸಮೇತ, ಕನ್ನಡದಲ್ಲಿ ಇರಬೇಕು. ಇದೇನೂ ದೊಡ್ಡ ಬೇಡಿಕೆ ಅಲ್ಲ. ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ಮಾಡಿತು. ಮೊದಲು ಗಮನ ಕೊಡಬೇಕಾದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಇವೆ. ಮೊಬೈಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಟಿಲ್ಲರ್ ಬಗ್ಗೆ ನೀವಾದರೂ ಮಾತಾಡಬೇಕು. ಸಹಾಯಧನದ ಚೆಕ್ಕು ನಿಮ್ಮ ಕೈಯಲ್ಲಿ ಇರುವಾಗ ಕಂಪನಿಗಳು ಮಾತು ಕೇಳಲೇಬೇಕಲ್ವಾ?

ಕೊನೆಯದಾಗಿ, ಆ ನೋಟ್‌ಬುಕ್ಕುಗಳು ನಮ್ಮ ಮನೆಯಲ್ಲೇ ಇವೆ. ಹಳೆಯವಕ್ಕೆ ಗೆದ್ದಲು ಹತ್ತಿತ್ತು, ಬಿಸಿಲಿಗೆ ಹಾಕಿ ಒರೆಸಿ ಇಟ್ಟಿದ್ದೇವೆ. ಅಂತರ್ಜಲ ಇಲಾಖೆಯವರಾಗಲಿ, ಕೃಷಿ ವಿಶ್ವವಿದ್ಯಾಲಯದವರಾಗಲಿ ಬಂದರೆ ನಕಲು ಮಾಡಿಕೊಳ್ಳಲು ಕೊಡುತ್ತೇವೆ. ಬೇರೆ ಊರುಗಳಲ್ಲೂ ಇಂಥ ಪುಸ್ತಕ ಇರುತ್ತವೆ, ಅವನ್ನೂ ಹುಡುಕಿಸಿ. ದೊಡ್ಡಪ್ಪನ ಅಕ್ಷರ ಓದುವುದು ಸ್ವಲ್ಪ ಕಷ್ಟ, ಹೊಲದ ಹೆಸರುಗಳನ್ನು ಅರ್ಧರ್ಧ ಬರೆದಿದ್ದಾರೆ. ದೊಡ್ಡಮ್ಮನಿಗೆ ಎಲ್ಲ ಗೊತ್ತಿದೆ. ಅವರ ಆರೋಗ್ಯ ಚೆನ್ನಾಗಿರುವಾಗಲೇ ಬನ್ನಿ. ಅವರು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಹೇಳಿಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮಧುಗಿರಿ ತಾಲೂಕಿನ ಒಬ್ಬ ರೈತ